ಹದಿನೈದು ಪಾಯಿಂಟ್ ಎರಡು

ತಕ್ಕಡಿ ಸಾಹೇಬರಿಗೆ ಶತ್ರುಗಳು ಅಂತ ಯಾರೂ ಇರಲಿಲ್ಲ. ಷಡ್ಡಕರೊಬ್ಬರಿದ್ದರು, ಅಷ್ಟೇ ಸಾಕಾಗಿತ್ತು.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಇನ್ಸ್‌ಪೆಕ್ಟರಾಗಿದ್ದ ಅವರಿಗೆ ಆ ಹೆಸರನ್ನು ಕೊಟ್ಟವರು ಪೇಟೆ ಬೀದಿಯ ಅಂಗಡಿಯವರು. ಸಾಹೇಬರ ಸ್ಕೂಟರು ಬೀದಿಯ ಆ ತುದಿಯಲ್ಲಿ ಕೆಮ್ಮಿತೆಂದರೆ, ಈ ತುದಿಯಲ್ಲಿ ತಕ್ಕಡಿ ತಟ್ಟೆಯ ಅಡಿಗೆ ಅಂಟಿದ್ದ ಅಯಸ್ಕಾಂತಗಳು ತಾವಾಗಿಯೇ ಮಾಲೀಕರ ಜೇಬಿಗೆ ಇಳಿಯುತ್ತಿದ್ದವು. ಪೊಟ್ಟಣದ ಮೇಲೆ ಐನೂರು ಎಂದಷ್ಟೇ ಅಚ್ಚಾಗಿ ಪಕ್ಕದಲ್ಲಿ ಗ್ರಾಂ ಎಂದು ಇಲ್ಲದಿದ್ದರೆ ಸಾಹೇಬರು ಅದನ್ನು ಎತ್ತಿ ಹಿಡಿದು, "ಐನೂರು ಏನು? ಐನೂರು ಆನೆಯಾ?" ಎಂದು ಇಡೀ ಬೀದಿಗೆ ಕೇಳಿಸುವಂತೆ ಕೇಳುತ್ತಿದ್ದರು. ಇಂಥ ಮನುಷ್ಯ ತನ್ನ ಮೈಯ ಲೆಕ್ಕದಲ್ಲಿ ಹೇಗೆ ಜಾರಿಬಿದ್ದರು ಎಂಬುದೇ ಈ ಕಥೆ.

ಷಡ್ಡಕರು ಎಂದರೆ ಸಾಹೇಬರ ಹೆಂಡತಿಯ ಅಕ್ಕನ ಗಂಡ. ಟೈರಿನ ಅಂಗಡಿ ಇಟ್ಟಿದ್ದರು. ಇಬ್ಬರೂ ಒಂದೇ ಮನೆಯ ಅಳಿಯಂದಿರಾದ ದಿನದಿಂದ ಒಬ್ಬರನ್ನೊಬ್ಬರು ಬಹಳ ಗೌರವದಿಂದ ಸಹಿಸಿಕೊಂಡು ಬಂದಿದ್ದರು. ಇವರು ಫ್ರಿಜ್ ತಂದಾಗ ಅವರು ಎರಡು ಬಾಗಿಲಿನದನ್ನು ತಂದರು. ಇವರ ಮೂತ್ರಪಿಂಡದಲ್ಲಿ ಒಂದು ಕಲ್ಲು ಸಿಕ್ಕಾಗ, ಅವರು ಆರೇ ತಿಂಗಳಲ್ಲಿ ಪಿತ್ತಕೋಶದಲ್ಲಿ ಎರಡು ಮಾಡಿಕೊಂಡರು. ಕಳೆದೊಂದು ವರ್ಷದಿಂದ ಷಡ್ಡಕರು ಜಿಮ್ಮಿಗೆ ಹೋಗಲು ಶುರುಮಾಡಿದ್ದರು. ಅವರ ಅಂಗಿಯ ತೋಳುಗಳು ತಿಂಗಳಿಂದ ತಿಂಗಳಿಗೆ ಗಿಡ್ಡವಾಗುತ್ತ, ಐವತ್ತೆರಡನೆಯ ವಯಸ್ಸಿನಲ್ಲಿ ರಟ್ಟೆಗಳು ಲೋಕಕ್ಕೆ ಮುಖ ತೋರಿಸಿದ್ದವು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಷಡ್ಡಕರು ಗಂಟಲು ಸರಿಮಾಡಿಕೊಂಡರು.

"ರಕ್ತ ಪರೀಕ್ಷೆ ಮಾಡಿಸ್ದೆ. ಟೆಸ್ಟೋಸ್ಟೆರಾನ್ ಐನೂರ ಎಂಬತ್ತು ಬಂತು."

"ಅಯ್ಯೋ, ಸಕ್ಕರೆ ಅಷ್ಟಾಗಿದ್ಯಾ?" ಎಂದರು ಅತ್ತೆ. "ಮೊದಲು ಸಿಹಿ ಬಿಡಿ ನೀವು."

"ಸಕ್ಕರೆ ಅಲ್ಲ ಅತ್ತೆ. ಇದು ಗಂಡಸ್ತನದ ಹಾರ್ಮೋನು."

ಅತ್ತೆ ಖಾಲಿಯಾಗದ ತಟ್ಟೆಯನ್ನೂ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಸಾಹೇಬರು ಆ ಶಬ್ದವನ್ನು ಅದೇ ಮೊದಲ ಸಲ ಕೇಳಿದ್ದು. ಆದರೆ ಷಡ್ಡಕರ ಎದುರು ಗೊತ್ತಿಲ್ಲ ಎಂದು ಹೇಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. "ನಾನೂ ಮಾಡಿಸ್ತಾ ಇರ್ತೀನಿ, ವರ್ಷಕ್ಕೊಂದು ಸಲ," ಎಂದರು, ನೀರು ಕುಡಿಯುವಷ್ಟೇ ಸಲೀಸಾಗಿ.

"ಹೌದಾ? ನಿಮ್ಮದು ಎಷ್ಟಿದೆ ಷಡ್ಡಕ್ರೇ?"

"ಹೋದ ಸಲ ಆರುನೂರ ಹತ್ತಿತ್ತು."

ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಆಕೆ ಕಂಡಂತೆ ಗಂಡ ರಕ್ತ ಕೊಟ್ಟದ್ದು ಸೊಳ್ಳೆಗಳಿಗೆ ಮಾತ್ರ.

"ಆರುನೂರಾ?" ಷಡ್ಡಕರ ರಟ್ಟೆ ಸ್ವಲ್ಪ ಇಳಿಯಿತು. "ಆ ರಿಪೋರ್ಟು ನನ್ನ ಫೋನಿಗೊಂದು ಕಳಿಸಿ. ನಮ್ಮ ಕೋಚಿಗೆ ತೋರಿಸ್ಬೇಕು."

"ಹಳೇದು ಯಾಕೆ, ಈ ವಾರ ಹೊಸದು ಬರುತ್ತೆ. ಅದನ್ನೇ ಕಳಿಸ್ತೀನಿ," ಎಂದರು ಸಾಹೇಬರು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಇದು ಹೋಗಲಿಲ್ಲ, ಸೋಮವಾರ ಬೆಳಿಗ್ಗೆ ಏಳೂವರೆಗೆ ಸಾಹೇಬರನ್ನು ಕುತ್ತಿಗೆ ಹಿಡಿದು ಲ್ಯಾಬಿಗೆ ಕರೆದುಕೊಂಡು ಹೋಯಿತು.

ಲ್ಯಾಬು ಹೊಸದು. ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಬೆಂಚಿನ ಮೇಲೆ ಆರು ಜನ ತಮ್ಮ ತಮ್ಮ ಸೀಸೆಗಳನ್ನು ಮಡಿಲಲ್ಲಿ ಮರೆಮಾಡಿಕೊಂಡು ಕೂತಿದ್ದರು. ಅರ್ಜಿಯಲ್ಲಿ 'ಯಾವ ತೊಂದರೆಗಾಗಿ ಪರೀಕ್ಷೆ' ಎಂಬಲ್ಲಿ ಸಾಹೇಬರು ಬಹಳ ಯೋಚಿಸಿ 'ಸಾಮಾನ್ಯ ಜ್ಞಾನ' ಎಂದು ಬರೆದರು.

"ಟೆಸ್ಟೋಸ್ಟೆರಾನ್ ಒಂದೇನಾ ಸರ್?" ಎಂದು ಕೌಂಟರಿನ ಹೆಂಗಸು ಕೇಳಿದಳು. ಅವಳ ದನಿ ಸಂತೆಯಲ್ಲಿ ಬೆಳೆದದ್ದು. ಆರೂ ಜನ ತಲೆಯೆತ್ತಿದರು.

"ಒಂದೇ. ಇಲಾಖೆಗೆ ಬೇಕಾಗಿದೆ," ಎಂದರು ಸಾಹೇಬರು.

ಆರು ಜನರಲ್ಲಿ ಒಬ್ಬ ಇನ್ನೊಬ್ಬನಿಗೆ, "ಈಗ ಸರ್ಕಾರಿ ನೌಕರಿಗೆ ಅದನ್ನೂ ನೋಡ್ತಾರಾ?" ಎಂದು ಪಿಸುಗುಟ್ಟಿದ. ರಕ್ತ ತೆಗೆಯುವ ನಳಿಕೆಯ ಮೇಲಿನ ಮಿಲಿಲೀಟರ್ ಗೆರೆಗಳನ್ನು ಯಾರು ಪರಿಶೀಲಿಸಿದ್ದಾರೆಂದು ಸಾಹೇಬರು ವಿಚಾರಿಸುತ್ತಿರುವಾಗಲೇ ಸೂಜಿ ಒಳಗೆ ಹೋಗಿ ಹೊರಗೆ ಬಂದಾಗಿತ್ತು.

ಮರುದಿನ ಹನ್ನೊಂದು ಗಂಟೆಗೆ ಕಚೇರಿಯಲ್ಲಿ ಸಾಹೇಬರ ಫೋನು ಗುಟುರು ಹಾಕಿತು. ಸಂದೇಶ ಹೀಗಿತ್ತು: ನಿಮ್ಮ ವರದಿ ಸಿದ್ಧ. ಟೆಸ್ಟೋಸ್ಟೆರಾನ್ 15.2. ಪೂರ್ತಿ ವರದಿಗೆ ಕೆಳಗಿನ ಲಿಂಕ್ ಒತ್ತಿ.

ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಉಳಿದ ಅಂಕಿಗಳು ಒಳಗೆಲ್ಲೋ ಸಿಕ್ಕಿಕೊಂಡಿರಬಹುದೆಂದು ಫೋನನ್ನು ಎರಡು ಸಲ ಕೊಡವಿದರು. ಲಿಂಕ್ ಒತ್ತಿದರೆ ಅದು ಹೆಸರಿನ ಮೊದಲ ನಾಲ್ಕು ಅಕ್ಷರವನ್ನೂ ಹುಟ್ಟಿದ ವರ್ಷವನ್ನೂ ಕೇಳಿತು. ಸಾಹೇಬರು ಕೊಟ್ಟರು. ತಪ್ಪು ಎಂದಿತು. ಮತ್ತೆ ಕೊಟ್ಟರು. ಮತ್ತೆ ತಪ್ಪು. ಮೂರನೆಯ ಸಲ ಹೆಂಡತಿಯ ಹೆಸರು ಹಾಕಿ ನೋಡಿದರು. ಬಾಗಿಲು ಬೀಗ ಹಾಕಿಕೊಂಡಿತು. ವರದಿ ಬೇಕಾದರೆ ಖುದ್ದಾಗಿ ಬನ್ನಿ ಎಂದಿತು. ಆ ಆರು ಜನರ ಬೆಂಚನ್ನು ನೆನೆದು ಸಾಹೇಬರು ಖುದ್ದಾಗಿ ಹೋಗದೆ ಫೋನು ಮಾಡಿದರು.

"ನೋಡಿದೆ ಸರ್. ನಾರ್ಮಲ್ ಇದೆ," ಎಂದಳು ಕೌಂಟರಿನ ಹೆಂಗಸು.

"ಹದಿನೈದು ನಾರ್ಮಲ್ಲಾ?"

"ನಾರ್ಮಲ್ಲೇ ಸರ್. ಚಿಂತೆ ಮಾಡ್ಬೇಡಿ."

ಚಿಂತೆ ಮಾಡಬೇಡಿ ಎಂಬ ಮಾತು ಕೇಳಿದ ಮೇಲೆ ಚಿಂತೆ ಮಾಡದಿರುವ ಮನುಷ್ಯ ಇನ್ನೂ ಹುಟ್ಟಿಲ್ಲ. ಸಾಯುವ ರೋಗಿಗೂ ಹೀಗೇ ಹೇಳುತ್ತಾರೆ ಎಂದುಕೊಂಡು ಸಾಹೇಬರು ಫೋನಿಟ್ಟರು.

ಎದುರು ಮೇಜಿನಲ್ಲಿ ಹಿರಿಯ ಗುಮಾಸ್ತ ಕೂತಿದ್ದ. ಲೋಕದ ಯಾವ ವಿಷಯ ಕೇಳಿದರೂ ಅವನಲ್ಲಿ ಉತ್ತರವಿತ್ತು. ಕಡತ ಎಲ್ಲಿದೆ ಎಂಬುದೊಂದನ್ನು ಬಿಟ್ಟು.

"ನನ್ನ ಸ್ನೇಹಿತರೊಬ್ಬರು ಇದಾರೆ," ಎಂದು ಸಾಹೇಬರು ದೂರದಿಂದ ಶುರುಮಾಡಿದರು. "ಅವರಿಗೆ ಈ ಟೆಸ್ಟೋಸ್ಟೆರಾನ್ ಹದಿನೈದು ಬಂದಿದೆಯಂತೆ. ಸಾಮಾನ್ಯವಾಗಿ ಎಷ್ಟಿರ್ಬೇಕು?"

ಗುಮಾಸ್ತ ಫೋನಿನಲ್ಲಿ ಹುಡುಕಿದ. "ಮುನ್ನೂರರಿಂದ ಸಾವಿರ ಅಂತಿದೆ ಸರ್." ಅವನ ಮುಖ ಶೋಕಕ್ಕೆ ತಿರುಗಿತು. "ನಿಮ್ಮ ಸ್ನೇಹಿತರಿಗೆ ವಯಸ್ಸೆಷ್ಟು ಸರ್?"

"ನನ್ನಷ್ಟೇ."

"ಕೆಲಸ?"

"ಸರ್ಕಾರಿ."

"ಯಾವ ಇಲಾಖೆ ಸರ್?"

ಸಾಹೇಬರು ಕಿಟಕಿಯ ಕಡೆ ನೋಡಿದರು. ಗುಮಾಸ್ತ ಎದ್ದು ಬಂದು, ಎಂದೂ ಇಲ್ಲದ ಭಕ್ತಿಯಿಂದ, ಅವರ ಮೇಜಿನ ಫ್ಯಾನನ್ನು ಅವರ ಕಡೆಗೆ ತಿರುಗಿಸಿದ. "ನಿಮ್ಮ ಸ್ನೇಹಿತರು ಧೈರ್ಯವಾಗಿರ್ಲಿ ಸರ್. ಬದುಕು ಅಂದ್ರೆ ಅದೊಂದೇನಾ?"

ಸಂಜೆಯ ಹೊತ್ತಿಗೆ ಸಾಹೇಬರ ಸ್ನೇಹಿತರ ವಿಷಯ ಇಡೀ ಕಚೇರಿಗೆ ಗೊತ್ತಾಗಿತ್ತು. ಅಷ್ಟರಲ್ಲೇ ನಿಂತಿದ್ದರೆ ಹೇಗೋ ಬಚಾವಾಗುತ್ತಿದ್ದರು. ಆದರೆ ಗುಮಾಸ್ತನ ಸ್ಕೂಟರು ಅಂದೇ ಪಂಕ್ಚರಾಯಿತು, ಪಂಕ್ಚರಾದ ಜಾಗಕ್ಕೆ ಹತ್ತಿರವಿದ್ದದ್ದು ಷಡ್ಡಕರ ಟೈರಿನ ಅಂಗಡಿ, ಟ್ಯೂಬು ಆರುವ ತನಕ ಗುಮಾಸ್ತ ಬಾಯಿ ಮುಚ್ಚಿಕೊಂಡು ಕೂರುವ ಪೈಕಿಯಲ್ಲ.

ಎರಡು ದಿನ ಬಿಟ್ಟು ಪೇಟೆ ಬೀದಿಗೆ ತಪಾಸಣೆಗೆ ಹೋದಾಗ ಸಾಹೇಬರಿಗೆ ಗಾಳಿ ಬದಲಾದದ್ದು ತಿಳಿಯಿತು. ಯಾರೂ ಓಡಲಿಲ್ಲ. ಯಾವ ಅಯಸ್ಕಾಂತವೂ ಜೇಬಿಗಿಳಿಯಲಿಲ್ಲ. ಬೇಳೆ ಅಂಗಡಿಯವನಿಗೆ ಕಡಿಮೆ ತೂಕಕ್ಕೆಂದು ಅವರೇ ಮೂರು ಸಲ ದಂಡ ಹಾಕಿದ್ದರು. ಅವನು ಸ್ಟೂಲು ಎಳೆದು ಕೊಟ್ಟು, ಗಿರಾಕಿಗಳನ್ನು ಸ್ವಲ್ಪ ದೂರ ಸರಿಸಿ, ಮೆಲ್ಲಗೆ ಹೇಳಿದ:

"ಸಾರ್, ತಪ್ಪು ತಿಳ್ಕೋಬೇಡಿ. ಕಡಿಮೆ ಇರೋದ್ರ ಕಷ್ಟ ನನಗೆ ಗೊತ್ತು. ಆದ್ರೆ ಐನೂರು ಇರಬೇಕಾದ ಕಡೆ ಹದಿನೈದು ಅಂದ್ರೆ... ನಾನೂ ಅಷ್ಟು ಕಡಿಮೆ ತೂಗಿಲ್ಲ ಸಾರ್."

ಸಾಹೇಬರು ಆ ದಿನ ದಂಡದ ಪುಸ್ತಕ ತೆರೆಯಲಿಲ್ಲ. ನೇರವಾಗಿ ಕಚೇರಿಗೆ ಬಂದು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡರು. ಅಲ್ಲಿ ಇಲಾಖೆಯ ಮುದ್ರೆಯುಳ್ಳ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಬಟ್ಟುಗಳು ಸಾಲಾಗಿ ಕೂತಿದ್ದವು. ಭಾರ ಎತ್ತಿದರೆ ಹಾರ್ಮೋನು ಏರುತ್ತದೆಂದು ಗುಮಾಸ್ತ ಎಲ್ಲೋ ಓದಿ, ಸ್ನೇಹಿತರಿಗೆ ತಿಳಿಸಿ ಎಂದು ಹೇಳಿದ್ದ. ಸಾಹೇಬರು ಮೊದಲ ದಿನ ಒಂದು ಕೈಗೆ ಒಂದು ಬಟ್ಟು ಎತ್ತಿದರು. ಎರಡನೆಯ ದಿನ ಒಂದೊಂದು ಕೈಗೂ ಒಂದೊಂದು. ಭಾನುವಾರ ಕಳೆದು ಸೋಮವಾರ ಎರಡನ್ನೂ ಎದೆಯ ಮಟ್ಟಕ್ಕೆ ತಂದಾಗ ಸೊಂಟದಲ್ಲಿ ಟಕ್ ಎಂದು ಏನೋ ಸದ್ದಾಯಿತು. ಗುಮಾಸ್ತನೂ ಜವಾನನೂ ಸೇರಿ ಅವರನ್ನು ಬಾಗಿದ ಭಂಗಿಯಲ್ಲೇ ಎತ್ತಿ, ಆಟೋದಲ್ಲಿ ಹಾಗೇ ಮಡಚಿಟ್ಟು ಮನೆಗೆ ಕಳಿಸಿದರು. ಸರ್ಕಾರಿ ಬಟ್ಟುಗಳು ಕೆಳಗೆ ಬಿದ್ದಾಗ ತೂಕ ವ್ಯತ್ಯಾಸವಾಗಿರಬಹುದೆಂದು ಗುಮಾಸ್ತ ಅಂದೇ ಒಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದ.

ಸಾಹೇಬರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಅರ್ಧದಷ್ಟು ರವಿಕೆಗಳನ್ನು ಹೊಲಿಯುತ್ತಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು, ಬಾಯಲ್ಲಿ ಗುಂಡುಸೂಜಿ. ಗಂಡನನ್ನು ಮಂಚದ ಮೇಲೆ ಬೋರಲು ಹಾಕಿ, ಬಿಸಿನೀರಿನ ಚೀಲ ಇಟ್ಟು, ಗುಂಡುಸೂಜಿ ತೆಗೆದು ಕೇಳಿದಳು:

"ಏನಾಯ್ತು ಅಂತ ನೀವೇ ಹೇಳ್ತೀರೋ, ಅಥವಾ ನಾನೂ ಬೇಳೆ ಅಂಗಡಿಯೋನ ಹತ್ರ ಕೇಳ್ಕೊಂಡು ಬರ್ಲೋ?"

ಸಾಹೇಬರು ದಿಂಬಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದರು. ಅವಳು ಏನೋ ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಚಪ್ಪಲಿಗಳ ಸದ್ದಾಯಿತು. ಅತ್ತೆ, ಅಕ್ಕ ಮತ್ತು ಷಡ್ಡಕರು ಸಾವಿನ ಮನೆಗೆ ಬರುವವರ ಹಾಗೆ ಒಬ್ಬರ ಹಿಂದೆ ಒಬ್ಬರು ಒಳಗೆ ಬಂದರು.

ಅತ್ತೆ ಮಗಳ ಕೈ ಹಿಡಿದುಕೊಂಡರು. "ನಮಗ್ಯಾಕೆ ಮೊದಲೇ ಹೇಳ್ಲಿಲ್ಲ ಮಗಳೇ?"

"ಏನನ್ನಮ್ಮ?"

"ಅಳಿಯಂದಿರ ಹದಿನೈದನ್ನ."

"ಪಾಪ, ಎಷ್ಟು ವರ್ಷದಿಂದ ಒಬ್ಬಳೇ ನುಂಗ್ಕೊಂಡಿದ್ಯೋ," ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಅಕ್ಕ, ಇಬ್ಬರು ಹೆಣ್ಮಕ್ಕಳಿದಾರೆ ನಮಗೆ. ಒಬ್ಬಳು ಕಾಲೇಜಲ್ಲಿ ಓದ್ತಿದಾಳೆ. ಅವರೇನು ಲಾಟರೀಲಿ ಬಂದ್ರಾ?"

ಷಡ್ಡಕರು ಕೈಯೆತ್ತಿ ಸಮಾಧಾನಪಡಿಸಿದರು. "ಆಗ ಇತ್ತು, ಇಲ್ಲ ಅಂತ ಯಾರೂ ಹೇಳ್ತಿಲ್ಲ. ಇದು ಟ್ಯೂಬಿನ ಗಾಳಿ ಇದ್ದ ಹಾಗೆ. ಒಂದೇ ದಿನ ಹೋಗಲ್ಲ. ಗಾಡಿ ಓಡ್ತಾನೇ ಇರುತ್ತೆ, ಒಳಗೆ ಇಳೀತಾ ಇರುತ್ತೆ. ಓಡಿಸೋನಿಗೆ ಗೊತ್ತಾಗಲ್ಲ."

"ಹಿಂದೆ ಕೂತೋರಿಗೆ ಗೊತ್ತಾಗುತ್ತೆ," ಎಂದು ಅಕ್ಕ ನಿಟ್ಟುಸಿರಿಟ್ಟಳು.

ಮಂಚದ ಮೇಲೆ ಬೋರಲಾಗಿದ್ದವರು ದಿಂಬಿನೊಳಗೇ ಏನೋ ಅಂದರು. ಷಡ್ಡಕರು ಬಾಗಿ ಅವರ ಕಿವಿಯ ಹತ್ತಿರ ಬಂದರು. ಅವರ ದನಿಯಲ್ಲಿ ಗೆದ್ದವನ ಔದಾರ್ಯವಿತ್ತು. "ಆರುನೂರ ಹತ್ತು ಅಂದಿದ್ರಿ. ಹೋಗ್ಲಿ, ಆ ಮಾತು ಎತ್ತಲ್ಲ. ನಮ್ಮ ಕೋಚ್ ಹತ್ರ ಒಂದು ಸೂಜಿ ಇದೆ. ವಾರಕ್ಕೊಂದು. ಎರಡು ತಿಂಗಳಲ್ಲಿ ನೀವೂ ಐನೂರು. ಶನಿವಾರ ಇಲ್ಲಿಗೇ ಕರ್ಕೊಂಡು ಬರ್ತೀನಿ. ಡಾಕ್ಟ್ರು ಗೀಕ್ಟ್ರು ಏನೂ ಬೇಡ."

"ಆಗ್ಲಿ," ಎಂದಿತು ದಿಂಬು.

ಹೆಂಡತಿ ಬಂದವರಿಗೆ ಕಾಫಿ ಕೊಟ್ಟಳು, ಕಳಿಸಿದಳು. ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋಗಿ ಐದೇ ನಿಮಿಷದಲ್ಲಿ ಪೂರ್ತಿ ವರದಿಯ ಕಾಗದ ತೆಗೆದುಕೊಂಡು ಬಂದಳು. ಕೌಂಟರಿನ ಹೆಂಗಸು ಸಾಹೇಬರ ಹೆಸರಿನ ಮೊದಲ ನಾಲ್ಕು ಅಕ್ಷರದಲ್ಲಿ ಒಂದನ್ನು ತಪ್ಪಾಗಿ ಬರೆದುಕೊಂಡಿದ್ದಳಂತೆ. ಹೊರಗೆ ಮೆಟ್ಟಿಲ ಮೇಲೆ ನಿಂತು ಕಾಗದವನ್ನು ಒಮ್ಮೆ ಓದಿ, ಮಡಚಿ ಚೀಲಕ್ಕಿಟ್ಟಳು. ಶುಕ್ರವಾರ, ಸೊಂಟ ತೋರಿಸಬೇಕೆಂದು ಹೇಳಿ ಗಂಡನನ್ನು ಆಟೋ ಹತ್ತಿಸಿದಳು. ಇಳಿದ ಮೇಲೆಯೇ ಸಾಹೇಬರಿಗೆ ಗೊತ್ತಾದದ್ದು, ಬಾಗಿಲ ಮೇಲೆ ಮೂಳೆಯ ಚಿತ್ರವಿರಲಿಲ್ಲ. ಅದು ಹಾರ್ಮೋನು ಡಾಕ್ಟರ ಆಸ್ಪತ್ರೆ.

ಡಾಕ್ಟರು ಅರವತ್ತು ದಾಟಿದ ಹೆಂಗಸು, ಮಾತಿನಲ್ಲಿ ಜಿಪುಣರು. ಸಾಹೇಬರನ್ನು ಕೂರಿಸದೆ, ಅವರು ಕೂರಲಾರರೆಂದು ನೋಡಿಯೇ ತಿಳಿದು, ನಿಂತಲ್ಲೇ ಕೇಳಿದರು.

"ಯಾವ ತೊಂದರೆಗೆ ಈ ಟೆಸ್ಟು ಮಾಡಿಸಿದ್ರಿ?"

ಸಾಹೇಬರು ಹೆಂಡತಿಯ ಮುಖ ನೋಡಿದರು.

"ಷಡ್ಡಕ," ಎಂದಳು ಹೆಂಡತಿ.

"ಅದು ರೋಗಲಕ್ಷಣ ಅಲ್ಲ," ಎಂದರು ಡಾಕ್ಟರು. "ಸುಸ್ತು, ನಿದ್ದೆ ಬರದಿರೋದು, ಸಂಸಾರದಲ್ಲಿ ಏನಾದ್ರೂ ತೊಂದರೆ?"

"ಏನೂ ಇಲ್ಲ," ಎಂದರು ಗಂಡ ಹೆಂಡಿರಿಬ್ಬರೂ ಒಟ್ಟಿಗೆ. ಆಮೇಲೆ ಇಬ್ಬರೂ ಬೇರೆ ಬೇರೆ ಗೋಡೆ ನೋಡಿದರು.

"ಮತ್ತೆ ಸಮಸ್ಯೆ ಏನು?"

"ಹದಿನೈದು ಬಂದಿದೆ ಡಾಕ್ಟ್ರೇ," ಎಂದರು ಸಾಹೇಬರು.

"ಹದಿನೈದು ಏನು?"

"ಹದಿನೈದು. ಪಾಯಿಂಟ್ ಎರಡು."

"ಅದೇ ಕೇಳ್ತಿರೋದು. ಹದಿನೈದು ಏನು? ಕಿಲೋನಾ, ಲೀಟರಾ, ಮಾರಾ?" ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಏನು ಕೆಲಸ ಮಾಡ್ತೀರಿ ನೀವು?"

ಸಾಹೇಬರು ಇಲಾಖೆಯ ಗುರುತಿನ ಚೀಟಿಯಿದ್ದ ಜೇಬನ್ನು ಕೈಯಿಂದ ಮುಚ್ಚಿಕೊಂಡರು.

"ತೂಕ ಮತ್ತು ಅಳತೆ ಇಲಾಖೇಲಿ ಇನ್ಸ್‌ಪೆಕ್ಟರು," ಎಂದಳು ಹೆಂಡತಿ, ಒಂದೊಂದು ಶಬ್ದವನ್ನೂ ಬಿಡಿಸಿ.

ಡಾಕ್ಟರಿಗೆ ಆ ಇಡೀ ವರ್ಷದಲ್ಲಿ ಅಷ್ಟು ಸಂತೋಷವಾದದ್ದಿಲ್ಲ. ನಗದೆ ಇರಲು ಅವರು ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದುಕೊಳ್ಳಬೇಕಾಯಿತು. ಆಮೇಲೆ ಅದನ್ನು ಮೇಜಿನ ಮೇಲೆ ಹರವಿ ಪೆನ್ನಿನ ತುದಿ ಊರಿ ತೋರಿಸಿದರು.

"ಇಲ್ಲಿ ನೋಡಿ. ಈ ಲ್ಯಾಬಿನ ಯಂತ್ರ ನ್ಯಾನೋಮೋಲ್ ಲೆಕ್ಕದಲ್ಲಿ ಕೊಡುತ್ತೆ. ಆ ಲೆಕ್ಕದಲ್ಲಿ ಎಂಟರಿಂದ ಮೂವತ್ತರ ತನಕ ಸರಿ. ಪಕ್ಕದಲ್ಲೇ ಅಚ್ಚಾಗಿದೆ. ಫೋನಲ್ಲಿ ನೀವು ನೋಡಿದ ಮುನ್ನೂರು, ಸಾವಿರ ಎಲ್ಲ ನ್ಯಾನೋಗ್ರಾಂ ಲೆಕ್ಕ. ನಿಮ್ಮದನ್ನ ಆ ಲೆಕ್ಕಕ್ಕೆ ತರಬೇಕಾದ್ರೆ ಹೆಚ್ಚುಕಡಿಮೆ ಇಪ್ಪತ್ತೊಂಬತ್ತರಿಂದ ಗುಣಿಸಬೇಕು. ನಾನೂರ ನಲವತ್ತು ಆಯ್ತು. ನಿಮಗೇನೂ ಆಗಿಲ್ಲ."

"ನನ್ನ ಟೇಪಲ್ಲಿ ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರು," ಎಂದಳು ಹೆಂಡತಿ. "ನಿಮ್ಮ ಸೊಂಟ ಈ ಕಡೆ ಮೂವತ್ತೆಂಟು. ತಿರುಗಿಸಿ ನೋಡಿದ್ರೆ ತೊಂಬತ್ತಾರು. ಹೊಟ್ಟೆ ಅದೇ."

"ನಿನಗೆ ಗೊತ್ತಿತ್ತಾ?"

"ಮೆಟ್ಟಿಲ ಮೇಲೇ ಗೊತ್ತಾಯ್ತು. ನಾನು ಹೇಳಿದ್ರೆ ನೀವು ನಂಬ್ತಿದ್ರಾ? ಲ್ಯಾಬಿನೋಳು ಹೇಳಿದ್ದನ್ನೇ ನಂಬ್ಲಿಲ್ಲ."

ಸಾಹೇಬರ ಬೆನ್ನು ತಾನಾಗಿಯೇ ಎರಡು ಇಂಚು ನೆಟ್ಟಗಾಯಿತು. ಆದರೆ ಮನುಷ್ಯನ ಬುದ್ಧಿ ಎಲ್ಲಿ ಹೋಗುತ್ತದೆ? ಒಂದು ನಿಮಿಷ ಲೆಕ್ಕ ಹಾಕಿ, "ಆದ್ರೂ ಷಡ್ಡಕರು ನನಗಿಂತ ನೂರ ನಲವತ್ತು ಮುಂದಿದಾರೆ," ಎಂದರು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮ ಚಪ್ಪಲಿ ಎಷ್ಟನೇ ನಂಬರು?"

"ಏಳು."

"ಒಂಬತ್ತನೇ ನಂಬರು ಹಾಕೋರು ನಿಮಗಿಂತ ಚೆನ್ನಾಗಿ ನಡೀತಾರಾ? ಇದು ಪರೀಕ್ಷೆ ಮಾರ್ಕಲ್ಲ. ಬೆಳಿಗ್ಗೆ ಇದ್ದಷ್ಟು ಸಂಜೆ ಇರಲ್ಲ. ನಿದ್ದೆ ಕೆಟ್ಟರೆ ಇಳಿಯುತ್ತೆ, ಜ್ವರ ಬಂದ್ರೆ ಇಳಿಯುತ್ತೆ. ತೊಂದರೆ ಇದ್ದೋರಿಗೇ ಒಂದು ಟೆಸ್ಟು ನೋಡಿ ನಾವು ತೀರ್ಮಾನ ಮಾಡಲ್ಲ. ಬೆಳಿಗ್ಗೆ ಹೊತ್ತು ಎರಡು ಸಲ ನೋಡ್ತೀವಿ. ಸರಿಯಾದ ಗೆರೆಗಳ ಒಳಗಿದ್ರೆ ಮುಗೀತು."

"ನಾಳೆ ಇವರಿಗೆ ಜಿಮ್ಮಿನೋನು ಸೂಜಿ ಚುಚ್ಚೋಕೆ ಬರ್ತಾನಂತೆ," ಎಂದಳು ಹೆಂಡತಿ. ಅವಳು ಬಂದದ್ದೇ ಈ ಮಾತಿಗೆ.

ಡಾಕ್ಟರ ಮುಖದಲ್ಲಿದ್ದ ನಗೆಯೆಲ್ಲ ಹೋಯಿತು. "ಬೇಕಿಲ್ಲದೋನಿಗೆ ಹೊರಗಿಂದ ಸುರಿದ್ರೆ, ಒಳಗಿನ ಕಾರ್ಖಾನೆ ಬಾಗಿಲು ಹಾಕ್ಕೊಳುತ್ತೆ. ರಕ್ತ ಗಟ್ಟಿಯಾಗುತ್ತೆ, ಬೀಪಿ ಏರುತ್ತೆ. ಸೂಜಿ ನಿಲ್ಲಿಸಿದ ಮೇಲೂ ಕಾರ್ಖಾನೆ ಮತ್ತೆ ತೆರೆಯೋಕೆ ತಿಂಗಳುಗಟ್ಟಲೆ ಬೇಕು. ಆ ಮನುಷ್ಯ ಮನೆಗೆ ಬಂದ್ರೆ ಬಾಗಿಲಲ್ಲೇ ಕಳಿಸಿ."

ಬಾಗಿಲಲ್ಲೇ ಕಳಿಸುವ ಕೆಲಸವನ್ನು ಹೆಂಡತಿ ಶನಿವಾರ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಮಾಡಿದಳು. ಕೋಚು ಚಪ್ಪಲಿಯನ್ನೂ ಪೂರ್ತಿ ಬಿಚ್ಚಿರಲಿಲ್ಲ.

ಸೊಂಟ ಸ್ವಲ್ಪ ಸರಿಹೋದ ಮೇಲೆ ಸಾಹೇಬರು ಲೋಕಕ್ಕೆ ಸತ್ಯ ತಿಳಿಸಲು ಹೊರಟರು. ಆದರೆ ಸುಳ್ಳು ಸ್ಕೂಟರಿನಲ್ಲಿ ಹೋದಲ್ಲಿಗೆಲ್ಲ ಸತ್ಯ ನಡೆದುಕೊಂಡೇ ಹೋಗಬೇಕು. ಗುಮಾಸ್ತ ಎಲ್ಲವನ್ನೂ ತಲೆಯಾಡಿಸಿ ಕೇಳಿ, "ನೀವು ಹೇಳಿದ್ರೆ ಸರಿ ಸರ್. ನಿಮ್ಮ ಸ್ನೇಹಿತರ ಮನಸ್ಸಿಗೆ ಸಮಾಧಾನ ಆದ್ರೆ ಅಷ್ಟೇ ಸಾಕು," ಎಂದ. ಬೇಳೆ ಅಂಗಡಿಯವನು ನ್ಯಾನೋಮೋಲಿನ ವಿವರಣೆಯನ್ನು ಮಾತ್ರ ಬಾಯಿ ಬಿಟ್ಟುಕೊಂಡು ಕೇಳಿದ. ಕೇಳಿ, ಮುಂದಿನ ತಪಾಸಣೆಯಲ್ಲಿ ಐವತ್ತು ಗ್ರಾಂ ಕಡಿಮೆ ಸಿಕ್ಕಾಗ, "ಕಡಿಮೆ ಅಲ್ಲ ಸಾರ್, ಇದು ಬೇರೆ ಲೆಕ್ಕ. ಇಪ್ಪತ್ತೊಂಬತ್ತರಿಂದ ಗುಣಿಸಿ ನೋಡಿ," ಎಂದ. ಸಾಹೇಬರು ದಂಡ ಹಾಕಿದರು. ಅದು ಹೊಟ್ಟೆಕಿಚ್ಚಿನ ದಂಡ ಎಂದು ಬೀದಿಯೆಲ್ಲ ಮಾತಾಯಿತು.

ಉಳಿದದ್ದು ಷಡ್ಡಕರ ಮನೆ. ಮುಂದಿನ ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲರೆದುರು ವರದಿ ಓದಿ ಹೇಳುವುದೆಂದು ಸಾಹೇಬರು ಕಾಗದವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿಸಿಟ್ಟಿದ್ದರು. ಆದರೆ ಗುರುವಾರ ಮಧ್ಯಾಹ್ನ ಷಡ್ಡಕರೇ ಕಚೇರಿಗೆ ಬಂದರು. ಉದ್ದ ತೋಳಿನ ಅಂಗಿ ಹಾಕಿದ್ದರು. ಕೈಯಲ್ಲೊಂದು ಸ್ಟೀಲ್ ಡಬ್ಬಿ.

"ಇವಳು ಕಳಿಸಿದಾಳೆ. ಬಾದಾಮಿ, ಖರ್ಜೂರ. ನಿಮ್ಮ ನಿಶ್ಶಕ್ತಿಗೆ."

"ನನಗೆ ನಿಶ್ಶಕ್ತಿ ಇಲ್ಲ ಷಡ್ಡಕ್ರೇ. ಕೂತ್ಕೊಳ್ಳಿ, ವಿಷಯ ಹೇಳ್ತೀನಿ. ಯೂನಿಟ್ ಅಂತ ಒಂದಿರುತ್ತೆ..."

ಷಡ್ಡಕರು ಕೂರಲಿಲ್ಲ. ಊಟಕ್ಕೆ ಎದ್ದುಹೋದ ಗುಮಾಸ್ತನ ಖಾಲಿ ಕುರ್ಚಿಯನ್ನು ನೋಡಿ, ಬಾಗಿಲು ನೋಡಿ, ಮೆಲ್ಲಗೆ ಕೇಳಿದರು: "ಆ ಡಾಕ್ಟ್ರು ಸೂಜಿ ಬಗ್ಗೆ ಏನೋ ಹೇಳಿದ್ರಂತಲ್ಲ. ಏನಂದ್ರು?"

ಸಾಹೇಬರು ಹೇಳಿದರು. ಕಾರ್ಖಾನೆ, ಬೀಗ, ಗಟ್ಟಿ ರಕ್ತ, ಬೀಪಿ. ಒಂದೊಂದು ಮಾತಿಗೂ ಷಡ್ಡಕರ ಮುಖದಿಂದ ಒಂದೊಂದು ಬಣ್ಣ ಇಳಿಯುತ್ತ ಹೋಯಿತು. ಕೊನೆಗೆ ಅವರು ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ ಕಾಲು ತೋರಿಸಿದರು. ಕಣಕಾಲು ಊದಿ, ಕಾಲುಚೀಲದ ಗುರುತು ಗೆರೆ ಕೊರೆದ ಹಾಗೆ ಕೂತಿತ್ತು.

"ಐನೂರ ಎಂಬತ್ತು ಸುಳ್ಳಲ್ಲ," ಎಂದರು ಷಡ್ಡಕರು. "ಆದ್ರೆ ನನ್ನದಲ್ಲ. ಹನ್ನೊಂದು ತಿಂಗಳಿಂದ ವಾರಕ್ಕೊಂದು ಚುಚ್ಚಿಸ್ಕೊತಿದೀನಿ. ಮೊದಲು ಸುಸ್ತಾಗ್ತಿತ್ತು ಅಂತ ಶುರುಮಾಡ್ದೆ. ಆಮೇಲೆ ಎಲ್ಲರೂ ಚೆನ್ನಾಗಿ ಕಾಣ್ತೀರಿ ಅಂದ್ರು, ಬಿಡೋಕೆ ಮನಸ್ಸು ಬರ್ಲಿಲ್ಲ. ಈಗ ಮೆಟ್ಟಿಲು ಹತ್ತಿದ್ರೆ ತಲೆ ಗುಂಯ್ ಅನ್ನುತ್ತೆ. ಇವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಇಪ್ಪತ್ತೆರಡು ವರ್ಷದಿಂದ ಸಾಹೇಬರು ಕಾದದ್ದು ಇಂಥದೊಂದು ಗಳಿಗೆಗೇ. ನಾಲಿಗೆಯ ತುದಿಗೆ ಒಳ್ಳೆಯ ಮಾತುಗಳು ಐದಾರು ಬಂದು ಸಾಲುನಿಂತವು. ಆ ಊದಿದ ಕಾಲನ್ನು ಇನ್ನೊಮ್ಮೆ ನೋಡಿದರು. ಆಮೇಲೆ ರಜೆ ಚೀಟಿ ಬರೆದು, ಕಾರಣದ ಜಾಗದಲ್ಲಿ 'ಸ್ವಂತ ಆರೋಗ್ಯ' ಎಂದು ತುಂಬಿ, ಎದ್ದು ಗುಮಾಸ್ತನ ಮೇಜಿನ ಮೇಲಿಟ್ಟು, ಡಬ್ಬಿ ಕೈಗೆತ್ತಿಕೊಂಡರು.

"ನಡೀರಿ. ಆ ಡಾಕ್ಟ್ರು ಮೂರು ಗಂಟೆಗೆ ಬರ್ತಾರೆ."

ಆಸ್ಪತ್ರೆಯಲ್ಲಿ ಎರಡು ಗಂಟೆ ಹಿಡಿಯಿತು. ಡಾಕ್ಟರು ಷಡ್ಡಕರನ್ನು ಬಯ್ಯಲಿಲ್ಲ. ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಬೀಪಿಗೆ ಮಾತ್ರೆ ಬರೆದರು, ರಕ್ತ ತೆಗೆಸಿದರು, ಸೂಜಿ ಅಂದಿಗೇ ನಿಲ್ಲಬೇಕೆಂದರು. ಸಕಾಲಕ್ಕೆ ಬಂದಿದ್ದೀರಿ, ಇನ್ನಾರು ತಿಂಗಳು ಬಿಟ್ಟಿದ್ದರೆ ನಾನಲ್ಲ, ಹೃದಯದ ಡಾಕ್ಟರು ನೋಡಬೇಕಾಗಿತ್ತು ಎಂದರು.

ಹೊರಗೆ ಬಂದು ಇಬ್ಬರೂ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತರು. ಷಡ್ಡಕರಿಗೆ ಕಾರು ಓಡಿಸುವ ಧೈರ್ಯವಿರಲಿಲ್ಲ. ಮಧ್ಯಾಹ್ನ ಇಬ್ಬರೂ ಊಟ ಮಾಡಿರಲಿಲ್ಲ. ಸಾಹೇಬರು ಡಬ್ಬಿಯ ಮುಚ್ಚಳ ತೆಗೆದು ನಡುವೆ ಇಟ್ಟರು.

"ಈಗ ನನ್ನದು ಪೂರ್ತಿ ಇಳಿಯುತ್ತಂತೆ," ಎಂದರು ಷಡ್ಡಕರು, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು. "ನಿಮ್ಮ ಹದಿನೈದಕ್ಕಿಂತ ಕೆಳಗೆ."

"ಹದಿನೈದಲ್ಲ, ನಾನೂರ ನಲವತ್ತು."

"ಹೂಂ. ಯಾವ ಲೆಕ್ಕದಲ್ಲಾದ್ರೂ ಕೆಳಗೇ."

"ಇಳೀಲಿ ಬಿಡಿ. ಮತ್ತೆ ಏರುತ್ತೆ ಅಂದ್ರಲ್ಲ."

"ಅದು ಏರೋ ತನಕ? ರಟ್ಟೆ ಕರಗುತ್ತೆ. ಮನೇಲಿ ಕೇಳ್ತಾರೆ. ಭಾನುವಾರ ಅತ್ತೆ ಕೇಳ್ತಾರೆ, ಜಿಮ್ಮಲ್ಲಿ ಕೇಳ್ತಾರೆ."

ಸಾಹೇಬರು ಬಾದಾಮಿ ಅಗಿಯುತ್ತ ಸ್ವಲ್ಪ ಹೊತ್ತು ಬರದ ಬಸ್ಸಿನ ದಾರಿ ನೋಡಿದರು. "ಯಾರೂ ಕೇಳಲ್ಲ. ನಗೋಕೆ ಜನಕ್ಕೆ ಒಂದು ಸಲಕ್ಕೆ ಒಬ್ಬ ಸಾಕು. ಸದ್ಯಕ್ಕೆ ನಾನಿದೀನಲ್ಲ. ಭಾನುವಾರ ನಾನು ಏನೂ ಹೇಳಕ್ಕೆ ಹೋಗಲ್ಲ."

ಷಡ್ಡಕರು ಡಬ್ಬಿಯನ್ನು ಸಾಹೇಬರ ಕಡೆಗೆ ಸ್ವಲ್ಪ ಸರಿಸಿದರು. ಇಬ್ಬರ ಕೈಗಳೂ ಸರದಿಯಂತೆ ಡಬ್ಬಿಗೆ ಹೋಗಿಬರುತ್ತಿದ್ದವು. ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗ ಷಡ್ಡಕರು ಒಳಗೆ ಕೈಹಾಕಿ ನೋಡಿದರೆ ತಳದ ಸ್ಟೀಲು ಸಿಕ್ಕಿತು. ಅವರು ಗಾಬರಿಯಾದರು.

"ಖಾಲಿ ಆಯ್ತಲ್ಲ ಷಡ್ಡಕ್ರೇ. ಒಂದು ತಿಂಗಳಿಗೆ ಅಂತ ಕೊಟ್ಟಿದ್ದು. ಡಬ್ಬಿ ವಾಪಸ್ ತಗೊಂಡು ಹೋದ್ರೆ ಇವಳಿಗೆ ಏನಂತ ಹೇಳ್ಲಿ?"

"ನಾನೊಬ್ನೇ ಒಂದೇ ಸಲಕ್ಕೆ ತಿಂದೆ ಅಂತ ಹೇಳಿ," ಎಂದು ಸಾಹೇಬರು ಸೊಂಟ ಹಿಡಿದುಕೊಂಡು ಎದ್ದರು. "ನಂಬ್ತಾರೆ."